ಎಲ್‌ಕೆಜಿ ಕ್ಲಾಸಿನ ದಣಿವು: ನಾನು ಏನೇನು ಬದಲಾಯಿಸಿದೆ

"ಸಣ್ಣ ಮಕ್ಕಳನ್ನ ಆಡಿಸೋದು ಅಷ್ಟೇ ಅಲ್ವಾ ನಿಮ್ಮ ಕೆಲಸ?" ಎಂದು ಯಾರಾದರೂ ಕೇಳಿದರೆ, ಜೂನ್ ಮೊದಲ ವಾರ ಒಂದು ಬೆಳಗ್ಗೆ ನಮ್ಮ ಕ್ಲಾಸಿಗೆ ಬನ್ನಿ ಎನ್ನುತ್ತೇನೆ. ಹೊರಗೆ ಧಾರವಾಡದ ಜಿಟಿಜಿಟಿ ಮಳೆ. ಒಳಗೆ ಒಂದು ಮಗು ಅಳಲು ಶುರು ಮಾಡಿದರೆ ಸಾಕು, ಸುಮ್ಮನೆ ಕೂತಿದ್ದವರೂ ದನಿಗೂಡಿಸುತ್ತಾರೆ. ಬಾಗಿಲ ಕಡೆ ಓಡುವವರು, ಚಡ್ಡಿ ಒದ್ದೆ ಮಾಡಿಕೊಂಡವರು, ನನ್ನ ಸೆರಗು ಹಿಡಿದು ಬಿಡದವರು. ಅವರೆಲ್ಲರ ನಡುವೆ ನಾನು ನಗುತ್ತಾ ಹಾಡು ಹೇಳಬೇಕು.

ನಾನು ಧಾರವಾಡದ ಒಂದು ಖಾಸಗಿ ಶಾಲೆಯಲ್ಲಿ ಎಲ್‌ಕೆಜಿ ಟೀಚರ್. ಮನೆ ಇರುವುದು ನವನಗರದಲ್ಲಿ. ಈ ಕೆಲಸಕ್ಕೆ ಬಂದು ಹತ್ತು ವರ್ಷ ದಾಟಿತು. ನಡುವೆ ಒಂದು ವರ್ಷ ಇದನ್ನು ಬಿಟ್ಟೇಬಿಡುವ ಸ್ಥಿತಿಗೆ ಬಂದಿದ್ದೆ. ಬಿಡಲಿಲ್ಲ. ಏನು ಬದಲಾಯಿಸಿದ್ದರಿಂದ ಉಳಿದೆ ಅನ್ನುವುದನ್ನು ಬರೆಯುತ್ತಿದ್ದೇನೆ. ಇದೇ ಕೆಲಸದಲ್ಲಿರುವ ಎಷ್ಟೋ ಹೆಣ್ಣುಮಕ್ಕಳು ಇದನ್ನು ಯಾರ ಹತ್ತಿರವೂ ಹೇಳಿಕೊಳ್ಳದೆ ದಣಿಯುತ್ತಿದ್ದಾರೆ ಎಂದು ನನಗೆ ಗೊತ್ತು.

ಮೊದಲು ದಣಿವು ಎಲ್ಲಿಂದ ಬರುತ್ತದೆ ಎಂಬುದು. ಮೂರೂವರೆ, ನಾಲ್ಕು ವರ್ಷದ ಮಗುವಿಗೆ ತನ್ನ ಅಳುವನ್ನು ತಾನೇ ಸಂಭಾಳಿಸಿಕೊಳ್ಳಲು ಇನ್ನೂ ಬಂದಿರುವುದಿಲ್ಲ. ಹತ್ತಿರದ ದೊಡ್ಡವರ ದನಿ, ಮುಖ, ತಬ್ಬಿ ಹಿಡಿದ ಕೈ, ಇವುಗಳಿಂದಲೇ ಅದು ಸಮಾಧಾನಕ್ಕೆ ಬರುವುದು. ಅಂದರೆ ಈ ಕೆಲಸದಲ್ಲಿ ನಾನು ಬಳಸುವುದು ಪುಸ್ತಕವನ್ನಲ್ಲ, ನನ್ನ ಸಮಾಧಾನವನ್ನೇ. ಒಂದು ಮಗುವಿಗೆ ಕೊಟ್ಟು ಮುಗಿಯುವಷ್ಟರಲ್ಲಿ ಇನ್ನೊಂದು ಮಗು ಬಂದು ನಿಂತಿರುತ್ತದೆ.

ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ಗಗನಸಖಿಯರ ಕೆಲಸ ನೋಡಿ ಇಂಥದ್ದನ್ನು ಭಾವನೆಯ ದುಡಿಮೆ ಎಂದು ಕರೆದರು. ಅದರಲ್ಲಿ ಎರಡು ಬಗೆ. ಒಳಗೆ ಏನೇ ಇರಲಿ, ಮುಖದ ಮೇಲೆ ನಗು ಇಟ್ಟುಕೊಳ್ಳುವುದು ಒಂದು. ನಿಜಕ್ಕೂ ಆ ಭಾವನೆ ಬರುವ ಹಾಗೆ ಮನಸ್ಸನ್ನು ತಿದ್ದಿಕೊಳ್ಳುವುದು ಇನ್ನೊಂದು. ಮೊದಲನೆಯದೇ ಜಾಸ್ತಿ ಬಳಲಿಸುತ್ತದೆ ಎಂದು ಆಮೇಲಿನ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ನಮ್ಮ ಕೆಲಸದಲ್ಲಿ ಎರಡೂ ಇವೆ. ಮಕ್ಕಳ ಜೊತೆ ಸುಳ್ಳು ನಗು ಬಹಳ ಹೊತ್ತು ನಡೆಯುವುದಿಲ್ಲ, ಅವು ಕಂಡುಹಿಡಿದುಬಿಡುತ್ತವೆ. ಸುಳ್ಳು ನಗು ಬೇಕಾಗುವುದು ಗೇಟಿನಲ್ಲಿ, ದೊಡ್ಡವರ ಎದುರು.

ನನಗೆ ಬಂದ ಮೊದಲ ಸೂಚನೆ ಅಳುವಲ್ಲ. ಒಂದು ಮಗು ಬಿದ್ದು ಮೊಣಕಾಲು ಕೆರೆದುಕೊಂಡು ಅಳುತ್ತಿತ್ತು. ತೊಳೆದೆ, ಔಷಧ ಹಚ್ಚಿದೆ, ಎತ್ತಿಕೊಂಡೆ, ಹೇಳಬೇಕಾದ್ದನ್ನೆಲ್ಲ ಹೇಳಿದೆ. ಒಳಗೆ ಮಾತ್ರ ಏನೂ ಆಗಲಿಲ್ಲ. ಆ ಖಾಲಿತನಕ್ಕೇ ನಾನು ಹೆದರಿದ್ದು. ಆಮೇಲೆ ಉಳಿದವು ಒಂದೊಂದಾಗಿ ಬಂದವು. ಭಾನುವಾರ ಸಂಜೆಯಾದರೆ ಹೊಟ್ಟೆ ಕಿವುಚುತ್ತಿತ್ತು. ಗಂಟಲು ಸದಾ ಕಟ್ಟಿರುತ್ತಿತ್ತು. ಮನೆಯಲ್ಲಿ ನನ್ನ ಮಗಳು "ಅವ್ವಾ" ಎಂದು ಎರಡನೇ ಸಲ ಕರೆದರೆ ಮೈ ಉರಿಯುತ್ತಿತ್ತು. ಬಳಲಿಕೆಯನ್ನು ಅಳೆಯುವ ವಿಧಾನ ರೂಪಿಸಿದ ಕ್ರಿಸ್ಟಿನಾ ಮಾಸ್ಲಾಕ್ ಅದಕ್ಕೆ ಮೂರು ಮುಖ ಹೇಳುತ್ತಾರೆ: ಮನಸ್ಸು ಬರಿದಾಗುವುದು, ಎದುರಿನವರು ಬರೀ ಒಂದು ಕೆಲಸದ ಹಾಗೆ ಕಾಣುವುದು, ನಾನು ಮಾಡಿದ್ದರಿಂದ ಏನೂ ಆಗುತ್ತಿಲ್ಲ ಅನಿಸುವುದು. ನನ್ನಲ್ಲಿ ಎರಡನೆಯದೇ ಮೊದಲು ಕಾಣಿಸಿತ್ತು.

ಮೊದಲು ರಕ್ತ ಪರೀಕ್ಷೆ ಮಾಡಿಸಿದೆ. ರಕ್ತ ಕಡಿಮೆ ಇದ್ದರೂ ಥೈರಾಯ್ಡ್ ಏರುಪೇರಾದರೂ ಇದೇ ತರಹದ ಸುಸ್ತು ಬರುತ್ತದೆ, ನಮ್ಮ ವಯಸ್ಸಿನ ಹೆಂಗಸರಲ್ಲಿ ಅದು ಅಪರೂಪವೇನಲ್ಲ. ಅವೆರಡೂ ಸರಿ ಇದ್ದವು. ಆಮೇಲೆ ನಮ್ಮೂರಿನ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋದೆ. ನಮ್ಮ ಕಡೆ ಇನ್ನೂ ಅದನ್ನು "ಹುಚ್ಚರ ದವಾಖಾನಿ" ಎನ್ನುವವರಿದ್ದಾರೆ. ಧಾರವಾಡದಲ್ಲೇ ಇಂಥ ಸರ್ಕಾರಿ ಸಂಸ್ಥೆ ಇರುವಾಗ ಆ ಒಂದು ಮಾತಿಗೆ ಅಂಜಿ ಜನ ದೂರ ಉಳಿಯುವುದು ನನಗೆ ನಿಜಕ್ಕೂ ಸಂಕಟದ ವಿಷಯ. ಅಲ್ಲಿ ಮಾತಾಡಿದವರು ಕೇಳಿದ್ದು ಸರಳ ಪ್ರಶ್ನೆ: ದಿನದ ಯಾವ ಹೊತ್ತು ನಿಮ್ಮನ್ನು ಹೆಚ್ಚು ಹಿಂಡುತ್ತದೆ?

ಒಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕುತ್ತಾ ಹೋದೆ. ಬೆಳಗಿನ ಅಳುವೇ ಇರಬೇಕು ಅಂದುಕೊಂಡಿದ್ದೆ. ಅದಕ್ಕಿಂತ ಮಧ್ಯಾಹ್ನ ಶಾಲೆ ಬಿಡುವ ಹೊತ್ತು ಹೆಚ್ಚು ಹಿಂಡುತ್ತಿತ್ತು. ಇನ್ನೊಂದು, ರಾತ್ರಿಯ ವಾಟ್ಸಾಪ್. ಗೇಟಿನಲ್ಲಿ "ಮೇಡಂ, ಇವತ್ತೂ ಡಬ್ಬಿ ಹಂಗ ವಾಪಸ್ ಬಂದದಲ್ರೀ," "ಇವಂಗ ಇನ್ನೂ ಎಬಿಸಿಡಿ ಬರಿಯಾಕ ಬರವಲ್ದಲ್ರೀ" ಎನ್ನುವ ಮಾತುಗಳು. ರಾತ್ರಿ ಅವೇ ಮಾತುಗಳು ಫೋನಿನಲ್ಲಿ. ಮಕ್ಕಳಿಗಿಂತ ದೊಡ್ಡವರ ಎದುರು ಮುಖ ಹಿಡಿದುಕೊಂಡಿರುವುದೇ ನನ್ನನ್ನು ತಿನ್ನುತ್ತಿತ್ತು.

ಇಲ್ಲಿ ಇನ್ನೊಂದು ಸಂಗತಿ ನನಗೆ ಬಲ ಕೊಟ್ಟಿತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇಂಥ ಬಳಲಿಕೆಯನ್ನು ರೋಗ ಎಂದು ಸೇರಿಸಲಿಲ್ಲ. ಕೆಲಸದ ಜಾಗದಲ್ಲಿ ನಿಭಾಯಿಸದೆ ಬಿಟ್ಟ, ಬಹಳ ಕಾಲದ ಒತ್ತಡದಿಂದ ಬರುವ ಸ್ಥಿತಿ ಎಂದಿತು. ಹಾಗಿದ್ದರೆ ಔಷಧ ನನ್ನಲ್ಲಿ ಮಾತ್ರ ಹುಡುಕಿದರೆ ಆಗದು, ಕೆಲಸದ ಜಾಗವೂ ಬದಲಾಗಬೇಕು. ಹೆಡ್ ಮೇಡಂ ಹತ್ತಿರ ನಾನು ಮಾತಾಡಿದ್ದು "ನನಗೆ ಆಗುತ್ತಿಲ್ಲ" ಎಂದಲ್ಲ. ಯಾವ ಹೊತ್ತಿಗೆ ಏನು ಬೇಕು ಎಂದು ಬರೆದುಕೊಂಡು ಹೋಗಿದ್ದೆ.

ಜೂನ್ ತಿಂಗಳದ್ದು ಮೊದಲು. ಎಲ್ಲ ಮಕ್ಕಳನ್ನೂ ಒಂದೇ ದಿನ ಸೇರಿಸುವ ಬದಲು ಗುಂಪು ಮಾಡಿ, ಮೊದಲ ದಿನಗಳಲ್ಲಿ ಸ್ವಲ್ಪ ಹೊತ್ತು ಮಾತ್ರ ಕರೆಸಿದೆವು. ಮಗು ಆಟದಲ್ಲಿದ್ದಾಗ ಹೇಳದೆ ಹೋಗಬೇಡಿ ಎಂದು ಅವ್ವಂದಿರಿಗೆ ಹೇಳಿದೆ. ಕದ್ದು ಹೋದರೆ ಮಗು ಮರುದಿನ ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಒಂದು ಮುತ್ತು, ಒಂದು ಟಾಟಾ, ಹಿಂತಿರುಗಿ ನೋಡದೆ ನಡೆದುಬಿಡಬೇಕು. "ಸಂಜೀಕ ಬರ್ತೀನಿ" ಅನ್ನುವುದು ಆ ವಯಸ್ಸಿಗೆ ತಿಳಿಯುವುದಿಲ್ಲ. "ಹಾಡು ಆದ ಮ್ಯಾಲ ಡಬ್ಬಿ, ಡಬ್ಬಿ ಆದ ಮ್ಯಾಲ ಆಟ, ಆಟ ಆದ ಮ್ಯಾಲ ಅವ್ವ" ಅಂದರೆ ತಿಳಿಯುತ್ತದೆ. ಇದನ್ನೇ ಚಿತ್ರ ಬರೆದು ಗೋಡೆಗೆ ಅಂಟಿಸಿದೆ. "ಮಿಸ್, ನಮ್ಮವ್ವ ಬರ್ತಾಳಲ್ರೀ?" ಎಂದು ಕೇಳುವ ಮಗುವನ್ನು ಆ ಚಿತ್ರದ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಅವ್ವನ ಒಂದು ಕರವಸ್ತ್ರ ಜೇಬಿನಲ್ಲಿಟ್ಟುಕೊಂಡು ಬಂದರೂ ಬಹಳ ಮಕ್ಕಳಿಗೆ ಸಾಕಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಮೌಶಿಯ ಜೊತೆ ಮಾಡಿಕೊಂಡ ಪಾಳಿ. ನಮ್ಮ ಶಾಲೆಯಲ್ಲಿ ಆಯಾ ಅವರನ್ನು ಮೌಶಿ ಎಂದೇ ಕರೆಯುತ್ತೇವೆ. ಮೊದಲು ಮೌಶಿ ಎರಡು ಕ್ಲಾಸಿಗೆ ಹಂಚಿಹೋಗಿದ್ದರು, ಕರೆದಾಗ ಬರುತ್ತಿದ್ದರು. ಜೂನ್, ಜುಲೈನಲ್ಲಿ ಅವರು ನಮ್ಮ ಕ್ಲಾಸಿನಲ್ಲೇ ಇರಬೇಕು ಎಂದು ಒಪ್ಪಿಸಿದೆ. ಅಳುವ ಮಗುವನ್ನು ಸ್ವಲ್ಪ ಹೊತ್ತು ನಾನು ಎತ್ತಿಕೊಂಡರೆ, ನನ್ನ ತಾಳ್ಮೆ ತೆಳುವಾಗುವ ಮೊದಲೇ ಅವರು ಕೈ ಚಾಚುತ್ತಾರೆ. "ನೀವು ಹಾಡು ಹೇಳ್ರಿ ಟೀಚರ್, ನಾ ನೋಡ್ಕೋತೀನಿ." ತಾಳ್ಮೆ ಮುಗಿದ ಮೇಲೆ ಅಲ್ಲ, ಮುಗಿಯುವ ಮೊದಲು. ಪಾಳಿಯ ಗುಟ್ಟೆಲ್ಲ ಇದರಲ್ಲೇ ಇದೆ. ದಿನಾ ಅದೇ ಇಬ್ಬರು ಇದ್ದರೆ ಮಕ್ಕಳು ಬೇಗ ಹೊಂದಿಕೊಳ್ಳುತ್ತಾರೆ. ಮೌಶಿಯ ಮೈಮನಸ್ಸೂ ನನ್ನಷ್ಟೇ ದಣಿಯುತ್ತದೆ, ಸಂಬಳ ಮಾತ್ರ ನನ್ನದಕ್ಕಿಂತಲೂ ಕಡಿಮೆ. ಟೀಚರ್‌ಗಳ ದಣಿವಿನ ಬಗ್ಗೆ ಮಾತಾಡುವವರು ಇವರನ್ನು ಮರೆಯಬಾರದು.

ಕೂಗುವುದನ್ನು ಬಿಟ್ಟೆ. ಒಂದು ಗೆಜ್ಜೆ ಇಟ್ಟುಕೊಂಡಿದ್ದೇನೆ, ಅದು ಝಲ್ ಎಂದರೆ ಎಲ್ಲರೂ ನನ್ನ ಕಡೆ ನೋಡಬೇಕು. ಗಂಟಲು ಕಟ್ಟಿದ ದಿನ ಅದನ್ನು ಮುಚ್ಚಿಡುವುದಿಲ್ಲ. "ಇವತ್ತು ಮಿಸ್‌ಗೆ ಗಂಟಲು ನೋಯ್ತದ, ಎಲ್ಲಾರೂ ಮೆಲ್ಲಕ ಮಾತಾಡೂಣು" ಎನ್ನುತ್ತೇನೆ. ಮಕ್ಕಳು ಪಿಸುಮಾತಿನಲ್ಲಿ ಆಡುತ್ತಾರೆ, ಒಬ್ಬಿಬ್ಬರು ಬಂದು ನನ್ನ ಕುತ್ತಿಗೆ ಮುಟ್ಟಿ ನೋಡುತ್ತಾರೆ. ಹಾಗೆ ಹೇಳಿದ ದಿನಗಳಲ್ಲಿ ಮನೆಗೆ ಹೋಗುವಾಗ ನನ್ನ ಮೈ ಹಗುರವಾಗಿರುತ್ತದೆ.

ವಾಟ್ಸಾಪ್‌ಗೆ ಹೊತ್ತು ಕಟ್ಟಿಸಿದೆ. ಸಂಜೆ ಆರರ ನಂತರ ಗುಂಪಿನಲ್ಲಿ ಉತ್ತರ ಇಲ್ಲ, ಮಗುವಿಗೆ ಆರಾಮ ಇಲ್ಲದಿದ್ದರೆ ಮಾತ್ರ ಫೋನ್. ನಾನೊಬ್ಬಳೇ ಹೇಳಿದ್ದರೆ ಸೊಕ್ಕು ಅನ್ನುತ್ತಿದ್ದರು. ಶಾಲೆಯ ನಿಯಮವಾಗಿ ಬಂದಿದ್ದರಿಂದ ನಿಂತಿತು. ಬರವಣಿಗೆಯ ಒತ್ತಾಯಕ್ಕೆ ಪಾಲಕರ ಸಭೆಯಲ್ಲಿ ಒಮ್ಮೆಗೇ ಉತ್ತರ ಕೊಟ್ಟೆವು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷವನ್ನು ಒಂದೇ ಹಂತ ಎಂದು ನೋಡುತ್ತದೆ, ಆಟದ ಮೂಲಕವೇ ಕಲಿಕೆ ಎನ್ನುತ್ತದೆ. ಎಲ್ಲರೂ ಒಪ್ಪಲಿಲ್ಲ. ಆದರೆ ಗೇಟಿನಲ್ಲಿ ದಿನಾ ಒಬ್ಬಳೇ ನಿಂತು ವಾದಿಸುವುದು ತಪ್ಪಿತು.

ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಮನೆಗೆ ಹೋಗುವ ಹೊತ್ತು ಈಗ ನನ್ನ ಮೌನದ ಹೊತ್ತು. ಜೊತೆಗೆ ಬರುವ ಗೆಳತಿಗೆ ನವನಗರ ಬರುವವರೆಗೆ ಶಾಲೆಯ ಮಾತು ಬೇಡ ಎಂದು ಹೇಳಿಬಿಟ್ಟಿದ್ದೇನೆ. ಅವಳಿಗೂ ಅದು ಬೇಕಾಗಿತ್ತಂತೆ.

ಕೆಲವು ಮಕ್ಕಳು ತರುವ ಭಾರವೇ ಬೇರೆ. ಮನೆಯಲ್ಲಿ ಹೊಡೆದಾಟ, ಅಪ್ಪ ಇಲ್ಲದಿರುವುದು, ಮೈಮೇಲೆ ಕಾಣುವ ಗುರುತು. ಅಂಥದ್ದನ್ನು ನಾನು ಒಬ್ಬಳೇ ಮನೆಗೆ ಹೊತ್ತುಕೊಂಡು ಹೋಗುವುದಿಲ್ಲ. ಅದೇ ದಿನ ಹೆಡ್ ಮೇಡಂಗೆ ಹೇಳಿ, ಬರೆದಿಡುತ್ತೇನೆ. ಮಕ್ಕಳ ಸಹಾಯವಾಣಿ 1098 ಇದೆ. ಲೈಂಗಿಕ ದೌರ್ಜನ್ಯದ ಅನುಮಾನ ಬಂದರಂತೂ 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು.

ನನ್ನ ನಾದಿನಿ ಹಾವೇರಿ ಜಿಲ್ಲೆಯ ಸವಣೂರು ಕಡೆ ಅಂಗನವಾಡಿ ಕಾರ್ಯಕರ್ತೆ. ಅವಳ ಮುಂದೆ ನನ್ನ ಕಷ್ಟ ಹೇಳಲು ಸಂಕೋಚವಾಗುತ್ತದೆ. ಮಕ್ಕಳ ಜೊತೆಗೆ ಗರ್ಭಿಣಿಯರು, ಬಾಣಂತಿಯರು, ರೇಷನ್, ಸರ್ವೆ, ಪೋಷಣ್ ಟ್ರ್ಯಾಕರ್ ಆ್ಯಪ್, ಎಲ್ಲವೂ ಅವಳದೇ. 1975ರಲ್ಲಿ ಶುರುವಾದ ಯೋಜನೆ, ಇವತ್ತಿಗೂ ಅವರಿಗೆ ಬರುವುದು ಗೌರವಧನ. ಗ್ರಾಚ್ಯುಟಿಗೆ ಅವರು ಅರ್ಹರು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2022ರಲ್ಲಿ. ಅವಳಿಗೆ ಉಸಿರು ಸಿಗುವುದು ತಿಂಗಳ ಮೀಟಿಂಗಿಗೆ ಎಲ್ಲರೂ ಕೂಡಿ ಹೋಗುವ ದಿನ. ಬಸ್ಸಿನಲ್ಲಿ ಹೋಗ್ತಾ ಬರ್ತಾ ಎಲ್ಲರೂ ಎಲ್ಲ ಹೇಳಿಕೊಳ್ಳುತ್ತಾರಂತೆ. ನನಗೆ ಮೌನ ಬೇಕು, ಅವಳಿಗೆ ಮಾತು ಬೇಕು.

ಉಪಯೋಗವಾಗದ್ದೂ ಇದೆ. ಒತ್ತಡ ಕಡಿಮೆ ಮಾಡುವ ಒಂದು ದಿನದ ಶಿಬಿರ ಮಾಡಿದರು. ಉಸಿರಾಟ ಕಲಿಸಿದರು, ಚೆನ್ನಾಗಿಯೇ ಇತ್ತು. ಮರುದಿನ ಕ್ಲಾಸಿನಲ್ಲಿ ಅಷ್ಟೇ ಮಕ್ಕಳು, ನಾನೊಬ್ಬಳೇ. ಇನ್ನೊಂದು, "ನೀವು ಮಕ್ಕಳಿಗೆ ತಾಯಿ ಇದ್ದ ಹಾಗೆ" ಎನ್ನುವ ಹೊಗಳಿಕೆ. ಹೇಳುವವರ ಪ್ರೀತಿ ನನಗೆ ಗೊತ್ತು. ಆದರೆ ತಾಯಿ ಅಂದ ಕೂಡಲೇ ದಣಿಯುವ ಹಕ್ಕು ಹೋಗುತ್ತದೆ, ಸಂಬಳ ಕೇಳುವ ಬಾಯಿಯೂ ಕಟ್ಟುತ್ತದೆ. ನಾನು ಟೀಚರ್. ಈ ಮಕ್ಕಳನ್ನು ಪ್ರೀತಿಸುತ್ತೇನೆ, ಶಾಲೆ ಬಿಟ್ಟ ಮೇಲೆ ನನ್ನ ಮಗಳ ಹತ್ತಿರ ಹೋಗುತ್ತೇನೆ.

ದಣಿವು ನಿದ್ದೆ, ಊಟ ಕೆಡಿಸುವವರೆಗೆ ಬಂದಿದ್ದರೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ, ದುಡ್ಡಿಲ್ಲದೆ ಮಾತಾಡಬಹುದು.

ನಮ್ಮಲ್ಲಿ ಇನ್ನೂ ಬಗೆಹರಿಯದ್ದು ಗ್ಯಾದರಿಂಗ್, ಅಂದರೆ ಶಾಲೆಯ ವಾರ್ಷಿಕೋತ್ಸವ. ಡಿಸೆಂಬರ್ ಬಂತೆಂದರೆ ಡ್ಯಾನ್ಸ್ ಪ್ರಾಕ್ಟೀಸು, ಬಾಡಿಗೆ ಡ್ರೆಸ್ಸು, "ನಮ್ಮ ಹುಡುಗಿನ್ನ ಮುಂದಿನ ಸಾಲಿನ್ಯಾಗ ನಿಲ್ಲಸ್ರಿ" ಎನ್ನುವ ಒತ್ತಾಯ, ರಾತ್ರಿ ಸ್ಟೇಜಿನ ಮೇಲೆ ಲೈಟಿಗೆ ಹೆದರಿ ಅಳುವ ಮಕ್ಕಳು. ಜೂನ್ ಬಿಟ್ಟರೆ ನಮ್ಮನ್ನು ಹೆಚ್ಚು ಹಿಂಡುವುದು ಇದೇ. ಎಲ್‌ಕೆಜಿಯವರನ್ನು ಸ್ಟೇಜ್ ಹತ್ತಿಸುವುದು ಬೇಡ, ಬದಲಿಗೆ ಒಂದು ಬೆಳಗ್ಗೆ ಅವ್ವ-ಅಪ್ಪಂದಿರನ್ನೇ ಕ್ಲಾಸಿಗೆ ಕರೆದು ಮಕ್ಕಳ ಜೊತೆ ಹಾಡಿಸೋಣ, ಆಡಿಸೋಣ ಎಂದು ನಾವು ಟೀಚರ್‌ಗಳೆಲ್ಲ ಸೇರಿ ಬರೆದುಕೊಟ್ಟಿದ್ದೇವೆ. ಆಡಳಿತ ಮಂಡಳಿಯ ಮುಂದಿನ ಸಭೆಯಲ್ಲಿ ಅದನ್ನು ತೆಗೆದುಕೊಳ್ಳುತ್ತಾರೆ.