ಮುಂಗಡ ಕೊಟ್ಟ ಗಿರಾಕಿಯ ಜೊತೆ ಹುಡುಗರ ವಿನ್ಯಾಸ ಪ್ರಾಜೆಕ್ಟ್: ನನ್ನ ಅನುಭವ

ಕೊನೆಯ ವರ್ಷದ ವಿನ್ಯಾಸ ಪ್ರಾಜೆಕ್ಟಿಗೆ ಗಿರಾಕಿಯಿಂದಲೇ ಹಣ ಪಡೆಯಬೇಕೆಂದು ನಾನು ಹಟ ಹಿಡಿದಾಗ ನಮ್ಮ ವಿಭಾಗದಲ್ಲಿ ಒಬ್ಬರೂ ಒಪ್ಪಲಿಲ್ಲ. ‘ಕಲಿಯುವ ಹುಡುಗರಿಗೆ ಯಾರು ದುಡ್ಡು ಕೊಡುತ್ತಾರೆ, ಸಾರ್?’ ಎಂದರು. ಚನ್ನಪಟ್ಟಣದ ಗೊಂಬೆ ತಯಾರಕರೊಬ್ಬರು ಕೊಟ್ಟರು. ಹಾಗೆ ಕೇಳಿದವರೇ ಈಗ ನನ್ನ ಒಪ್ಪಂದ ಪತ್ರದ ಪ್ರತಿ ಇಸಿದುಕೊಂಡಿದ್ದಾರೆ.

ಪುಕ್ಕಟೆ ಪ್ರಾಜೆಕ್ಟುಗಳ ಪಾಡು ನಿಮಗೆಲ್ಲ ಗೊತ್ತೇ ಇದೆ. ಮೊದಲ ಭೇಟಿಯಲ್ಲಿ ಕಾಫಿ, ಎರಡನೆಯದರಲ್ಲಿ ‘ಮುಂದಿನ ವಾರ ಬನ್ನಿ’, ಆಮೇಲೆ ಫೋನ್ ಎತ್ತುವುದಿಲ್ಲ. ನಮ್ಮ ಒಂದು ತಂಡ ಪೀಠೋಪಕರಣದ ಅಂಗಡಿಗೆಂದು ಮಡಚುವ ಮೇಜು ಮಾಡಿತು. ಪ್ಲೈವುಡ್, ಕೀಲು, ಬಡಗಿಯ ಕೂಲಿ ಎಲ್ಲ ಸೇರಿ ಹುಡುಗರ ಜೇಬಿನಿಂದ ಹನ್ನೊಂದು ಸಾವಿರದಷ್ಟು ಹೋಯಿತು. ಮಾಲೀಕರು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ಒಂದೇ ಒಂದು ಮೇಜಿಗೂ ಆರ್ಡರ್ ಬರಲಿಲ್ಲ. ಆ ಹುಡುಗರ ಮುಖ ನೋಡಿದ ಮೇಲೆಯೇ ನಾನು ಹಣದ ಮಾತು ಮೊದಲು ಎಂದು ನಿರ್ಧರಿಸಿದ್ದು.

ಚನ್ನಪಟ್ಟಣದವರದು ಮೂರು ಲೇತಿನ (ಮರವನ್ನು ತಿರುಗಿಸಿ ಕಡೆಯುವ ಯಂತ್ರ) ಸಣ್ಣ ಘಟಕ. ಆರು ಸಾವಿರ ಮುಂಗಡ ಕೇಳಿದೆ. ಚೌಕಾಸಿ ಮಾಡಿ ನಾಲ್ಕಕ್ಕೆ ಇಳಿಸಿದರು. ಚೌಕಾಸಿಗೆ ಇಳಿದಾಗಲೇ ಇವರಿಗೆ ಕೆಲಸ ನಿಜವಾಗಿ ಬೇಕಾಗಿದೆ ಎಂದು ಗೊತ್ತಾಯಿತು. ಬಾಕಿ ಹಣ ಮೊದಲ ಲಾಟು ಅಂಗಡಿಗೆ ಹೋದ ಮೇಲೆ. ಆಂತರಿಕ ಅಂಕಗಳಲ್ಲಿ ಕಾಲು ಭಾಗವನ್ನು ಗಿರಾಕಿಯ ಅಭಿಪ್ರಾಯ ನೋಡಿಯೇ ಕೊಡುವುದು. ಮೊದಲ ಭೇಟಿಯಲ್ಲಿ ನಾನು ಒಂದು ಪ್ರಶ್ನೆ ಕೇಳುತ್ತೇನೆ; ಗಿರಾಕಿ ಕೊನೆಯವರೆಗೆ ನಿಲ್ಲುತ್ತಾರೋ ಇಲ್ಲವೋ ಎಂಬುದು ಅದರ ಉತ್ತರದಲ್ಲೇ ತಿಳಿಯುತ್ತದೆ. ಆ ಪ್ರಶ್ನೆಯನ್ನು ಮಾತ್ರ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಹುಡುಗರು ಮೊದಲು ಕಂಪ್ಯೂಟರಿನಲ್ಲಿ ಬಿಡಿಸಿಕೊಂಡು ಹೋದದ್ದು ಚಪ್ಪಟೆಯಾದ, ಉದ್ದುದ್ದ ಬೆನ್ನಿನ ಆಮೆ. ತಯಾರಕರು ಹಾಳೆಯನ್ನು ತಿರುಗಿಸಿ ನೋಡಿ, ‘ಚೆನ್ನಾಗಿದೆ ಕಣಪ್ಪಾ, ಆದರೆ ನನ್ನ ಯಂತ್ರ ದುಂಡಗೆ ಮಾತ್ರ ಕಡೆಯುತ್ತದೆ’ ಎಂದರು. ಅಂದಿನಿಂದ ಹೆಚ್ಚುಕಡಿಮೆ ಒಂದು ತಿಂಗಳು ಕಂಪ್ಯೂಟರ್ ಮುಟ್ಟಕೂಡದೆಂದು ನಾನೇ ತಾಕೀತು ಮಾಡಿದೆ. ಆಮೆ ಬಿಟ್ಟು ಗಿಲಕಿ ಹಿಡಿದು ಹುಡುಗರು ಲೇತಿನ ಪಕ್ಕದಲ್ಲೇ ಕುಳಿತರು. ರಟ್ಟಿನಲ್ಲಿ ಅಂಚು ಕತ್ತರಿಸಿಕೊಂಡು ಕಡೆದ ಮರಕ್ಕೆ ಹಿಡಿದು ನೋಡುವುದು, ಒಪ್ಪದಿದ್ದರೆ ಮತ್ತೆ ಕತ್ತರಿಸುವುದು. ಲೇತಿನಲ್ಲಿ ತಿರುಗುವ ಆಲೆ ಮರಕ್ಕೆ (ಗೊಂಬೆಗೆ ಬಳಸುವ ಮೆದು ಮರ) ಬಣ್ಣ ಬೆರೆಸಿದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅದು ಕರಗಿ ಬಣ್ಣ ಹಿಡಿಯುತ್ತದೆ. ಮೇಲೆ ತಾಳೆಗರಿ ತಿಕ್ಕಿದಾಗ ಹೊಳಪು. ಆದರೆ ಮರದಲ್ಲಿ ಕಡೆದ ಗೀರು ಕಿರಿದಾಗಿದ್ದರೆ ಕಡ್ಡಿ ಒಳಗೆ ಹೋಗುವುದಿಲ್ಲ, ಬುಡದಲ್ಲಿ ಬರಿ ಮರದ ಬಿಳಿ ಗೆರೆ ಉಳಿಯುತ್ತದೆ. ಗೀರುಗಳನ್ನೆಲ್ಲ ಅಗಲ ಮಾಡಿದ್ದು ಅದನ್ನು ಕಣ್ಣಾರೆ ಕಂಡ ಮೇಲೆ.

ಎರಡನೆಯ ಪೆಟ್ಟು ಅಳತೆಯದು. ಮಗು ನುಂಗಿ ಉಸಿರು ಕಟ್ಟದಿರಲೆಂದು, ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯ ಯಾವ ಬಿಡಿಭಾಗವೂ 31.7 ಮಿ.ಮೀ. ವ್ಯಾಸದ ಪರೀಕ್ಷಾ ಕೊಳವೆಯೊಳಗೆ ಪೂರ್ತಿ ಅಡಗಬಾರದು. ಕೇಂದ್ರ ಸರ್ಕಾರದ ಆಟಿಕೆಗಳ ಗುಣಮಟ್ಟದ ಆದೇಶ 2021ರ ಜನವರಿಯಿಂದ ಜಾರಿಯಲ್ಲಿದೆ; ನೋಂದಾಯಿತ ಕುಶಲಕರ್ಮಿಗಳಿಗೆ ವಿನಾಯಿತಿ ಇದ್ದರೂ ಬೆಂಗಳೂರಿನ ಅಂಗಡಿಯವರು ಕೊಳವೆ ಹಿಡಿದೇ ಪರೀಕ್ಷಿಸಿದರು. ನಮ್ಮ ಗಿಲಕಿಯ ಗುಂಡು 28 ಮಿ.ಮೀ. ಇತ್ತು, ಸಲೀಸಾಗಿ ಒಳಗಿಳಿಯಿತು. ಇಡೀ ಮಾದರಿ ಹೋಯಿತು. ಗುಂಡನ್ನು 36ಕ್ಕೆ ಏರಿಸಿದಾಗ ಮರದ ಖರ್ಚು ಒಂದಕ್ಕೆ ನಾಲ್ಕು ರೂಪಾಯಿಯಷ್ಟು ಹೆಚ್ಚಿತು. ಐದು ಬಣ್ಣವನ್ನು ಮೂರಕ್ಕೆ ಇಳಿಸಿ, ಉಳಿದ ಕೆಲಸದ ಸಮಯದಲ್ಲಿ ಆ ಖರ್ಚನ್ನು ಸರಿದೂಗಿಸಿದೆವು. ಈ ಲೆಕ್ಕ ಹೊಳೆದದ್ದು ತಂಡಕ್ಕೆ ನಾನು ಸೇರಿಸಿದ್ದ ವಾಣಿಜ್ಯ ವಿಭಾಗದ ಹುಡುಗಿಗೆ. ಅವಳನ್ನು ಸೇರಿಸುವುದಕ್ಕೂ ವಿರೋಧವಿತ್ತು.

ನಡುವೆ ಮರದ ತುಂಡುಗಳು ವ್ಯರ್ಥವಾಗುತ್ತಿದ್ದುದನ್ನು ಕಂಡು ಬುಗುರಿ ಕಡೆಸಿದೆವು. ಮೊಳೆ ಮಧ್ಯಕ್ಕೆ ಕೂರದೆ ಮೊದಲ ಡಜನ್ ಬುಗುರಿಗಳು ಓಲಾಡಿದವು. ಮರ ಲೇತಿನಲ್ಲಿ ಇರುವಾಗಲೇ ತೂತು ಕೊರೆದ ಮೇಲೆ ಸರಿಹೋಯಿತು. ಕಾಲೇಜಿನ ಉತ್ಸವದಲ್ಲಿ ಮೂವತ್ತು ರೂಪಾಯಿಗೊಂದರಂತೆ ಎಲ್ಲವೂ ಮಾರಾಟವಾದವು. ಬಸ್ ಖರ್ಚು ಅದರಲ್ಲೇ ಹುಟ್ಟಿತು.

ಗಿಲಕಿಯ ಮೊದಲ ಲಾಟು ಮುನ್ನೂರರ ಆಸುಪಾಸು. ದೀಪಾವಳಿಗೆ ಮುಂಚೆಯೇ ಖಾಲಿಯಾಯಿತು, ಬಾಕಿ ಒಂಬತ್ತು ಸಾವಿರ ಬಂತು, ಹುಡುಗರು ಹಂಚಿಕೊಂಡರು. ನೀವು ಮಾಡುವುದಾದರೆ ವಿನ್ಯಾಸದ ಹಕ್ಕು ಯಾರದೆಂದು ಮುಂಗಡ ಪಡೆಯುವ ದಿನವೇ ಬರೆಸಿಕೊಳ್ಳಿ. ನಮ್ಮದರಲ್ಲಿ ಹಕ್ಕು ಗಿರಾಕಿಯದು, ಡಬ್ಬಿಯ ಮೇಲೆ ಹುಡುಗರ ಹೆಸರು.