ಔಷಧಿ ಪಂಪು, ಐದು ರೂಪಾಯಿ ನೀರು ಮತ್ತು ನನ್ನ ಬಿಳಿ ಪಿಕಪ್

ಪ್ರೆಶರ್ ವಾಷರ್ ಇಲ್ಲ, ಫೋಮ್ ಗನ್ ಇಲ್ಲ, ಸೆರಾಮಿಕ್ ಕೋಟಿಂಗ್ ಅಂತೂ ಇಲ್ಲವೇ ಇಲ್ಲ. ಹೊಲಕ್ಕೆ ಔಷಧಿ ಹೊಡೆಯುವ ಬ್ಯಾಟರಿ ಪಂಪು ಮತ್ತು ಕುಡಿಯುವ ನೀರಿನ ಘಟಕದ ಒಂದು ಕ್ಯಾನ್ ನೀರು, ಇಷ್ಟರಲ್ಲೇ ನನ್ನ ಬೊಲೆರೊ ಪಿಕಪ್ ಈಗ ಹೊಳೆಯುತ್ತಿದೆ. ಮೊನ್ನೆ ಕಲಬುರಗಿ ಎಪಿಎಂಸಿಯಲ್ಲಿ ತೊಗರಿ ಇಳಿಸುವಾಗ ಹಮಾಲರೊಬ್ಬರು "ಹೊಸಾ ಗಾಡಿ ತಗೊಂಡ್ರೇನ್ರಿ?" ಅಂತ ಕೇಳಿದರು. ಗಾಡಿ ಹಳೇದು, ಏಳು ವರ್ಷದ್ದು. ಪೇಂಟ್ ಕಂಪನಿಯದ್ದೇ.

ಶುರು ಮಾಡಿದಾಗ ನಕ್ಕವರೇ ಜಾಸ್ತಿ. ನಮ್ಮ ಮಿಸ್ತ್ರಿ ಬಂದು ನೋಡಿ, "ಕಾಕಾ, ಗಾಡಿಗಿ ಎಣ್ಣಿ ಹೊಡಿಲಕತ್ತೀರಲ್ಲ, ಹುಳ ಬಿದ್ದಾವೇನ್ರಿ?" ಅಂದ. ಈಗ ಅವನೇ ತನ್ನ ಕಾರಿಗೆ ಪಂಪು ಕೇಳಿಕೊಂಡು ಬರುತ್ತಾನೆ. ಕೊಡುವುದಿಲ್ಲ, ಅದು ಬೇರೆ ಮಾತು.

ನಾನಿರುವುದು ಶಹಾಬಾದ್. ವರ್ಷದ ಹೆಚ್ಚು ದಿನ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಸಾಗಿಸುತ್ತೇನೆ, ಡಿಸೆಂಬರ್-ಜನವರಿಯಲ್ಲಿ ತೊಗರಿ, ನಡುವೆ ಸಿಕ್ಕರೆ ಸಿಮೆಂಟ್ ಚೀಲ. ಗಾಡಿಗೆ ಕಲ್ಲು ಪಾಲಿಶ್ ಮಾಡುವ ಕಡೆಯ ಬಿಳಿ ರಾಡಿ ಮೆತ್ತುತ್ತದೆ, ವಾಡಿ-ಸೇಡಂ ಕಡೆ ಹೋದರೆ ಸಿಮೆಂಟ್ ಧೂಳು, ಮಳೆಗಾಲದಲ್ಲಿ ಎರೆ ಮಣ್ಣು. ಬಿಳಿ ಗಾಡಿ ಇಟ್ಟುಕೊಂಡವನ ಗತಿ ಏನಾಗಬೇಡ.

ಮೊದಲೆಲ್ಲ ವಾಟರ್ ಸರ್ವೀಸಿಂಗ್‌ಗೆ ಬಿಡುತ್ತಿದ್ದೆ. ಸಲಕ್ಕೆ 350, ಕೆಲವು ಸಲ 400 ರೂಪಾಯಿ, ತಿಂಗಳಿಗೆ ಎರಡು ಸಲ ಅಂದರೂ ವರ್ಷಕ್ಕೆ ಎಂಟು-ಒಂಬತ್ತು ಸಾವಿರ ಆಯಿತು. ಅಲ್ಲಿನ ಹುಡುಗರು ಟೈರ್ ಒರೆಸಿದ ಬಟ್ಟೆಯನ್ನೇ ಬಾನೆಟ್‌ಗೂ ಹಾಕುತ್ತಾರೆ. ಕೊನೆಗೆ ಕೆಳಗೆಲ್ಲ ಹಳೇ ಆಯಿಲ್ಲು, ಡೀಸೆಲ್ ಕಲಸಿ ಹೊಡೆದು ಕರ್ರಗೆ ಮಿಂಚಿಸಿ ಕಳಿಸುತ್ತಾರೆ. ಮನೆ ಮುಟ್ಟುವಷ್ಟರಲ್ಲಿ ಆ ಎಣ್ಣೆಗೆ ರಸ್ತೆಯ ಧೂಳೆಲ್ಲ ಅಂಟಿರುತ್ತದೆ. ಬುಷ್, ಹೋಸ್‌ಗಳ ರಬ್ಬರ್ ಡೀಸೆಲ್‌ಗೆ ಉಬ್ಬಿ ಹಾಳಾಗುತ್ತದೆ, ಅದರ ಬಿಲ್ಲು ಆಮೇಲೆ ಬರುತ್ತದೆ. ಒಂದು ಸಲ ಕಲಬುರಗಿಯಲ್ಲಿ ಐದು ಸಾವಿರದ ಹತ್ತಿರ ಕೊಟ್ಟು ಮಷಿನ್ ಪಾಲಿಶ್ ಮಾಡಿಸಿದೆ. ಮೂರು ವಾರ ಮಿಂಚಿತು. ಆಮೇಲೆ ಬಿಸಿಲಲ್ಲಿ ನೋಡಿದರೆ ಬಾಗಿಲ ತುಂಬ ಜೇಡರ ಬಲೆಯಂಥ ಗೀರು.

ಮನೆಯಲ್ಲಿ ತೊಳೆದರೂ ಬಾನೆಟ್, ಗಾಜಿನ ಮೇಲೆ ಬಿಳಿ ಚುಕ್ಕೆ ಹೋಗುತ್ತಿರಲಿಲ್ಲ. ಶಾಂಪೂ ಬದಲಿಸಿದೆ, 150 ರೂಪಾಯಿಯದ್ದು, 600ರದ್ದು, ಒಂದು ಸಾವಿರ ದಾಟಿದ್ದು. ಚುಕ್ಕೆ ಅಲ್ಲೇ. ಕೊನೆಗೆ ಸುಮ್ನೆ 300 ರೂಪಾಯಿಗೆ, ನೀರಿನಲ್ಲಿ ಕರಗಿದ ಲವಣ ಲೀಟರಿಗೆ ಎಷ್ಟು ಮಿಲಿಗ್ರಾಂ ಅಂತ ತೋರಿಸುವ ಟಿಡಿಎಸ್ ಮೀಟರ್ ತರಿಸಿ ನಮ್ಮ ಬೋರಿನ ನೀರಿಗೆ ಅದ್ದಿದೆ. 1,200ರ ಆಸುಪಾಸು ತೋರಿಸಿತು. ಕುಡಿಯುವ ನೀರಿಗೇ 500ರ ಒಳಗಿರಬೇಕು, ಬೇರೆ ಗತಿ ಇಲ್ಲದಿದ್ದರೆ 2,000ದವರೆಗೆ ನಡೆಯುತ್ತದೆ ಅಂತ ಭಾರತೀಯ ಮಾನಕ. ನಮ್ಮದು ಸುಣ್ಣದ ಕಲ್ಲಿನ ನೆಲ. ಇಲ್ಲಿನ ಫರ್ಸಿಯೂ ಸುಣ್ಣದ ಕಲ್ಲೇ, ನೀರಿನಲ್ಲಿ ಕರಗಿ ಬರುವುದೂ ಅದೇ. ನೀರು ಆರುತ್ತದೆ, ಸುಣ್ಣ ಉಳಿಯುತ್ತದೆ. ಏಪ್ರಿಲ್‌ನಲ್ಲಿ ಬಾನೆಟ್ ಕಾದಿದ್ದರಂತೂ ಆ ಚುಕ್ಕೆ ಪೇಂಟಿಗೆ ಬೆಂದು ಕೂರುತ್ತದೆ. ಅಂದರೆ ಇಷ್ಟು ದಿನ ದುಡ್ಡು ಶಾಂಪೂಗೆ ಹೋಗುತ್ತಿತ್ತು, ತಕರಾರು ಇದ್ದದ್ದು ನೀರಿನಲ್ಲಿ.

ಘಟಕದ ಆರ್‌ಓ ನೀರಿಗೆ ಮೀಟರ್ ಅದ್ದಿದರೆ 60-70. ನಮ್ಮ ಕಡೆ 20 ಲೀಟರಿಗೆ ಐದು ರೂಪಾಯಿ. ತೊಳೆಯುವುದೆಲ್ಲ ಬೋರಿನ ನೀರಲ್ಲೇ ಮಾಡಿ, ಕೊನೇ ಸಲ ಮಾತ್ರ ಇದರಿಂದ ಜಾಲಾಡಿಸಿದರೆ ಸಾಕಲ್ಲ ಅನ್ನಿಸಿತು. ಆದರೆ ಮಗ್ಗಿನಿಂದ ಸುರಿದರೆ ಕ್ಯಾನ್ ಒಂದು ಬಾಗಿಲಿಗೇ ಖಾಲಿ. ಅಲ್ಲಿ ಔಷಧಿ ಪಂಪು ನೆನಪಾಯಿತು. 16 ಲೀಟರಿನದ್ದು, ಎರಡೂವರೆ ಸಾವಿರ ಚಿಲ್ಲರೆ. ಸಣ್ಣಗೆ, ಒಂದೇ ಸಮ ಬರುತ್ತದೆ. ಇಡೀ ಪಿಕಪ್ಪಿಗೆ ಎಂಟು-ಹತ್ತು ಲೀಟರ್ ಸಾಕು. ಹೊಸ ಪಂಪೇ ತರಬೇಕು. ಕಳೆನಾಶಕ ತುಂಬಿದ್ದ ಪಂಪನ್ನು ಎಷ್ಟು ತೊಳೆದರೂ ನಾನು ಮುಟ್ಟುವುದಿಲ್ಲ. ನಾಝಲ್‌ನಲ್ಲಿ ಒಂದು ಬದಲಾವಣೆ ಮಾಡಿಕೊಂಡಿದ್ದೇನೆ, ಅದನ್ನು ಬರೆಯುವುದಿಲ್ಲ. ಔಷಧಿ ಅಂಗಡಿಯಲ್ಲಿ ನಿಂತು ನಾಲ್ಕು ತರದ್ದು ಹಾಕಿ ನೋಡಿ, ನಿಮಗೇ ಗೊತ್ತಾಗುತ್ತದೆ.

ಹೊತ್ತು ಹುಟ್ಟುವ ಮೊದಲೇ ಶುರು ಮಾಡುತ್ತೇನೆ. ಸಿಮೆಂಟ್ ಲೋಡ್ ಮಾಡಿ ಬಂದಿದ್ದರೆ ನೀರು ಮುಟ್ಟಿಸುವುದೇ ಇಲ್ಲ, ಮೊದಲು ಬ್ಲೋವರ್. ನೀರು ಬಿದ್ದರೆ ಅದು ಗಾರೆಯೇ ಅಲ್ವಾ. ಚಳಿಗಾಲದಲ್ಲಿ ಇಬ್ಬನಿಗೇ ಗಾಜಿನ ಮೇಲೆ ಗಟ್ಟಿ ಕೂರುತ್ತದೆ, ಅದಕ್ಕೇ ರಾತ್ರಿ ಎಷ್ಟೇ ಹೊತ್ತಾದರೂ ಧೂಳು ಊದಿಯೇ ಮಲಗುವುದು. ಬ್ಲೋವರ್ 1,300ಕ್ಕೋ 1,400ಕ್ಕೋ ಬಂತು.

ಎರೆ ಮಣ್ಣಿನದ್ದೇ ದೊಡ್ಡ ಪುರಾಣ. ಎಲ್ಲರೂ ಜೆಟ್ ಹೊಡೆಯುತ್ತಾರೆ, ಇಲ್ಲ ಉಜ್ಜುತ್ತಾರೆ. ಮಣ್ಣಿನಲ್ಲಿರುವ ಸಣ್ಣ ಹರಳು ಪೇಂಟನ್ನು ಗೀರುವುದು ಆಗಲೇ. ಎರೆ ಭೂಮಿ ಬೇಸಿಗೆಯಲ್ಲಿ ಬಿರುಕು ಬಿಟ್ಟು, ಮಳೆ ಬಿದ್ದ ಕೂಡಲೇ ನೀರು ಕುಡಿದು ಉಬ್ಬುತ್ತದೆ. ಗಾಡಿ ಮೇಲಿನ ಮಣ್ಣೂ ಅದೇ ಜಾತಿ. ಶಾಂಪೂ ಕಲಸಿದ ನೀರನ್ನು ಪಂಪಿನಲ್ಲಿ ತೆಳ್ಳಗೆ ಹೊಡೆದು, ಚಹಾ ಕುಡಿದು ಬಂದು, ಮತ್ತೆ ಹೊಡೆದು ಬಿಟ್ಟರೆ ಅದು ತಾನೇ ಉಬ್ಬಿ ಕೆಳಗೆ ಜಾರುತ್ತದೆ. ಮಡ್‌ಗಾರ್ಡ್ ಒಳಗಿನದ್ದು ಹಟಮಾರಿ, ಅದಕ್ಕೆ ಹಿಂದಿನ ರಾತ್ರಿಯೇ ಗೋಣಿಚೀಲ ನೆನೆಸಿ ತುರುಕಿ ಇಡುತ್ತೇನೆ. ಬೆಳಿಗ್ಗೆ ಹೆಂಟೆ ಹೆಂಟೆಯಾಗಿ ಕೈಗೇ ಬರುತ್ತದೆ. ಬಟ್ಟೆ ಮುಟ್ಟಿಸುವುದು ಇಷ್ಟೆಲ್ಲ ಆದ ಮೇಲೆ. ಎರಡು ಬಕೆಟ್ ಲೆಕ್ಕ, ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಾಡಿಸುವ ನೀರು, ನಿಮಗೆ ಗೊತ್ತಿದ್ದದ್ದೇ, ಬಿಡಿ.

ಬೋರಿನ ನೀರು ಆರುವುದಕ್ಕೆ ಬಿಡಬಾರದು. ಒಂದು ಕಡೆ ತೊಳೆದ ಕೂಡಲೇ ಆರ್‌ಓ ನೀರು ಹೊಡೆದು, ದಪ್ಪ ಮೈಕ್ರೋಫೈಬರ್ ಟವೆಲ್ ಹಾಸಿ ಎಳೆಯುವುದು, ಒತ್ತಿ ಒರೆಸುವುದಲ್ಲ.

ಕುಡಿಯುವ ನೀರಿನಿಂದ ಗಾಡಿ ತೊಳೆಯುತ್ತೀಯಾ ಅಂತ ಮನೆಯಲ್ಲೇ ಬೈಗುಳ ಬಿತ್ತು. ಮೇ ತಿಂಗಳಲ್ಲಿ ಘಟಕದ ಮುಂದೆ ಕೊಡ ಸಾಲು ನಿಂತಿರುವಾಗ ನಾನೂ ತರುವುದಿಲ್ಲ. ಆಗಿನ ಲೆಕ್ಕಕ್ಕೆ ತಗಡಿನ ಪತ್ರಾಸಿನ ಮೇಲೆ ಬಿದ್ದ ಮಳೆ ನೀರನ್ನು ಎರಡು ಡ್ರಮ್ ತುಂಬಿ ಮುಚ್ಚಿಟ್ಟಿರುತ್ತೇನೆ, ಮೊದಲ ಮಳೆಯದ್ದು ಬಿಟ್ಟು. ಅದರ ಟಿಡಿಎಸ್ ಆರ್‌ಓ ನೀರಿಗಿಂತ ಕಡಿಮೆ ಬಂತು. ಎಸಿ ನೀರನ್ನೂ ಹಿಡಿದು ನೋಡಿದೆ. ನೀರು ಬಹಳ ಒಳ್ಳೆಯದು, ಆದರೆ ನಮ್ಮ ಒಣ ಬೇಸಿಗೆಯಲ್ಲಿ ಗಾಳಿಯಲ್ಲಿ ತೇವವೇ ಇರುವುದಿಲ್ಲ, ರಾತ್ರಿಯೆಲ್ಲ ಓಡಿಸಿದರೂ ಅರ್ಧ ಬಕೆಟ್ ಆಗಲಿಲ್ಲ. ಜುಲೈನಲ್ಲಿ ಚೆನ್ನಾಗಿ ಬರುತ್ತದೆ, ಆಗ ಯಾರಿಗೆ ಬೇಕು.

ಪಟಕ (ಆಲಂ) ಹಾಕಿದರೆ ನೀರು ಮೆತ್ತಗಾಗುತ್ತದೆ ಅಂತ ಒಬ್ಬರು ಹೇಳಿದರು. ಆಗುವುದಿಲ್ಲ. ರಾಡಿ ಕೆಳಗೆ ಕೂರುತ್ತದೆ ಅಷ್ಟೇ, ಕರಗಿದ ಸುಣ್ಣ ಅಲ್ಲೇ ಇರುತ್ತದೆ. ಅಂಟುವಾಳದ ಕಾಯಿ ಕುದಿಸಿ ಶಾಂಪೂ ಬದಲು ಹಾಕಿದ್ದು ಮಾತ್ರ ನನಗೇ ಖುಷಿ ಕೊಟ್ಟಿತು. ಗಡಸು ನೀರಲ್ಲಿ ಸೋಪು ಒಡೆದು ಜಿಡ್ಡಾಗುತ್ತದಲ್ಲ, ಅಂಟುವಾಳ ಹಾಗೆ ಒಡೆಯುವುದಿಲ್ಲ, ನೊರೆ ಚೆನ್ನಾಗಿ ನಿಲ್ಲುತ್ತದೆ. ಆದರೆ ಜಾರು ಕಡಿಮೆ, ಸಿಪ್ಪೆ ಚೂರು ಪಂಪಿನ ಜಾಲರಿಗೆ ಸಿಕ್ಕಿ ಒಂದು ಮುಂಜಾನೆ ಪೂರ್ತಿ ಅದನ್ನು ಬಿಚ್ಚುವುದರಲ್ಲೇ ಹೋಯಿತು. ಈಗ ಅದನ್ನು ಸೀಟು, ಕಾಲ್‌ಮ್ಯಾಟಿಗೆ ಮಾತ್ರ ಬಳಸುತ್ತೇನೆ.

ಹಳೇ ಚುಕ್ಕೆ ಮತ್ತು ಕಲ್ಲಿನ ರಾಡಿಗೆ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್. ಲೀಟರಿಗೆ ಎರಡು ಚಮಚ. ರಾಡಿ ಮೇಲೆ ಹೊಡೆದರೆ ಚುಳುಚುಳು ಗುಳ್ಳೆ ಬರುತ್ತದೆ, ಸುಣ್ಣ ಕರಗುತ್ತಿದೆ ಅಂತ ಅರ್ಥ. ನೆರಳಲ್ಲೇ ಮಾಡಬೇಕು, ಒಂದೊಂದೇ ಭಾಗ, ಎರಡು ನಿಮಿಷ ಆಗುವುದರೊಳಗೆ ತೊಳೆಯಬೇಕು. ಪೇಂಟ್ ಇಲ್ಲದ ಅಲ್ಯೂಮಿನಿಯಂಗೆ ಬೇಡ. ರಿಮ್ಮಿಗೆ ಇದರ ಜೊತೆ ಇನ್ನೊಂದು ಸೇರಿಸುತ್ತೇನೆ, ಅದು ನನ್ನ ಹತ್ತಿರವೇ ಇರಲಿ. ಇದಾದ ಮೇಲೆ ಪೇಂಟಿಗೆ ಅಂಟಿದ ಕೊಳೆ ಎಳೆದು ತೆಗೆಯುವ ಕ್ಲೇ ಉಂಡೆ, ಕೈಯಿಂದಲೇ ಪಾಲಿಶ್, ಮೂರು ತಿಂಗಳಿಗೊಮ್ಮೆ ವ್ಯಾಕ್ಸ್. ಎಲ್ಲ ಸೇರಿ ಮೊದಲ ವರ್ಷ ಏಳು ಸಾವಿರದ ಹತ್ತಿರ ಖರ್ಚಾಗಿರಬೇಕು, ಈಗ ತಿಂಗಳಿಗೆ ನೂರು ರೂಪಾಯಿ ದಾಟುವುದಿಲ್ಲ.

ಆಯುಧ ಪೂಜೆ ದಿನ ಹುಷಾರು. ಬಾಳೆಕಂಬ ಬಿಳಿ ಗಾಡಿಗೆ ಕಟ್ಟಿದರೆ ಅದರ ರಸದ ಕಂದು ಕಲೆ ಸುಲಭಕ್ಕೆ ಬಿಡುವುದಿಲ್ಲ. ನಾನು ಹಿಂದಿನ ದಿನ ವ್ಯಾಕ್ಸ್ ಹಚ್ಚಿ, ಕಂಬವನ್ನು ಬಂಪರ್ ಗಾರ್ಡಿಗೆ ಕಟ್ಟುತ್ತೇನೆ. ಕುಂಕುಮ ನಂಬರ್ ಪ್ಲೇಟಿಗೆ ಮಾತ್ರ. ಅವ್ವ ಮೊದಲ ವರ್ಷ ಮುಖ ಊದಿಸಿಕೊಂಡಳು.

ಹಿಂದೆ ಸರಕು ತುಂಬುವ ಡಾಲಾದ್ದು ಬೇರೆಯೇ ಕತೆ. ಫರ್ಸಿ ಇಳಿಸಿ ಇಳಿಸಿ ಪೇಂಟ್ ಅನ್ನುವುದು ಅಲ್ಲಿ ಉಳಿದಿಲ್ಲ, ಅದನ್ನು ಮಿಂಚಿಸುವ ಹುಚ್ಚು ನನಗಿಲ್ಲ. ತಂತಿ ಬ್ರಷ್ ಹಾಕಿ ತುಕ್ಕು ಕೆರೆದು, ಎರಡು ಕೋಟ್ ರೆಡ್ ಆಕ್ಸೈಡ್ ಹೊಡೆದು, ಮೇಲೆ ಹಳೇ ಕನ್ವೇಯರ್ ಬೆಲ್ಟಿನ ತುಂಡು ಹಾಸಿದ್ದೇನೆ. ಗುಜರಿಯಲ್ಲಿ 900 ರೂಪಾಯಿಗೆ ಸಿಕ್ಕಿತು. ವಾರಕ್ಕೊಮ್ಮೆ ಬೆಲ್ಟ್ ಎತ್ತಿ ಕೆಳಗಿನ ನೀರು ಆರಿಸಬೇಕು, ನೀರು ಹೋಗುವ ತೂತುಗಳಲ್ಲಿ ತೊಗರಿ ಕಾಳು ಸಿಕ್ಕಿಕೊಂಡಿದ್ದರೆ ಕಡ್ಡಿ ಹಾಕಿ ತೆಗೆಯಬೇಕು. ಇಲ್ಲದಿದ್ದರೆ ಅಲ್ಲೇ ಮೊಳಕೆ ಒಡೆಯುತ್ತದೆ, ಒಂದು ಮಳೆಗಾಲ ಒಡೆದೂ ಇತ್ತು.