2015ರ ಕಾರೋ, 2018ರ ಕಾರೋ: ನಾನು ಹಳೆಯದನ್ನೇ ಕೊಂಡಿದ್ದು ಯಾಕೆ

2022ರಲ್ಲಿ ನಮಗೊಂದು ಸೆಕೆಂಡ್ ಹ್ಯಾಂಡ್ ಕಾರು ಬೇಕಿತ್ತು. ಎರಡು ತಿಂಗಳು ಹುಡುಕಿ ಕೊನೆಗೆ ಎರಡು ಕಾರಿಗೆ ಬಂದು ನಿಂತೆವು. ಎರಡೂ ಒಂದೇ ಮಾಡೆಲ್. ಒಂದೇ ಪೆಟ್ರೋಲ್ ಎಂಜಿನ್, ಒಂದೇ ಮ್ಯಾನುಯಲ್ ಗೇರ್‌ಬಾಕ್ಸ್. ಬೆಳ್ಳಿ ಬಣ್ಣದ್ದು 2015ರದು, 86,000 ಕಿಲೋಮೀಟರ್ ಓಡಿತ್ತು. ಬಿಳಿಯದು 2018ರದು, ಓಡಿದ್ದು 38,000. ನಡುವೆ ಕಂಪನಿ ಆ ಕಾರಿನ ಮುಖ ಬದಲಿಸಿತ್ತು. ಹೊಸ ಬಂಪರ್, ಹೊಸ ಹೆಡ್‌ಲೈಟ್, ದೊಡ್ಡ ಟಚ್‌ಸ್ಕ್ರೀನ್. ಬಿಳಿ ಕಾರಿಗೆ ಕಾಲು ಭಾಗ ಜಾಸ್ತಿ ಬೆಲೆ ಹೇಳುತ್ತಿದ್ದರು.

ಮೊದಲ ದಿನ ನೋಡಿ ಬಂದಾಗ ಮನೆಯಲ್ಲಿ ಎಲ್ಲರ ಮಾತೂ ಒಂದೇ. "ಹಳೇದು ಹಳೇದೇ ಅಲ್ವಾ? ಮೂರು ವರ್ಷ ಹೊಸದು, ಓಡಿರೋದು ಅರ್ಧಕ್ಕಿಂತ ಕಡಿಮೆ. ಇನ್ನೇನು ಯೋಚನೆ?" ಅಂದಳು ಹೆಂಡತಿ. ನನಗೂ ಹಾಗೇ ಅನಿಸಿತ್ತು. ಆದರೆ ಅಷ್ಟು ದುಡ್ಡು ಜಾಸ್ತಿ ಕೊಡುವುದಾದರೆ, ಏನಕ್ಕೆ ಕೊಡುತ್ತಿದ್ದೇನೆ ಅಂತ ತಿಳಿದು ಕೊಡಬೇಕು ಅಂತ ಒಂದು ನೋಟ್‌ಬುಕ್ ತೆಗೆದೆ. ಪ್ರತಿ ಕಾರಿಗೂ ಎರಡು ಪುಟ. ಒಂದರಲ್ಲಿ ಮುಂದಿನ ಮೂರು ವರ್ಷದಲ್ಲಿ ಅದಕ್ಕೆ ಏನೇನು ಹಾಕಬೇಕಾಗುತ್ತೆ ಅನ್ನುವುದು. ಇನ್ನೊಂದರ ಮೇಲೆ 'ಗೊತ್ತಿಲ್ಲ' ಅಂತ ಬರೆದೆ. ಕೊನೆಗೆ ನಮ್ಮ ತೀರ್ಮಾನ ಆಗಿದ್ದು ಈ ಎರಡನೇ ಪುಟದಿಂದ.

ಮೊದಲು ವಯಸ್ಸು. 2018ರ ಕಾರು ಅಂದರೆ 2018ರಲ್ಲಿ ನೋಂದಣಿ ಆಗಿದ್ದು, ಅಷ್ಟೆ. ಬಾಗಿಲಿನ ಕಂಬದ ಮೇಲಿದ್ದ ಕಂಪನಿ ಫಲಕದಲ್ಲಿ ತಯಾರಾದ ತಿಂಗಳು ಅಕ್ಟೋಬರ್ 2017 ಅಂತಿತ್ತು. ಬೆಳ್ಳಿಯದು ಮಾರ್ಚ್ 2015. ಅಲ್ಲಿಗೆ ಮೂರು ವರ್ಷದ ಅಂತರ ಎರಡೂವರೆ ವರ್ಷಕ್ಕೆ ಇಳಿಯಿತು. ರಬ್ಬರು, ಬೆಲ್ಟು, ಟೈರು ಎಲ್ಲ ಹಳತಾಗುವುದು ತಯಾರಾದ ದಿನದಿಂದ, ನೋಂದಣಿ ಆದ ದಿನದಿಂದ ಅಲ್ಲ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಬಿಳಿ ಕಾರಿನ ನಾಲ್ಕೂ ಟೈರಿನಲ್ಲಿ 3717 ಅಂತಿತ್ತು, ಅಂದರೆ 2017ರ 37ನೇ ವಾರ. ಕಾರಿನ ಜೊತೆಗೇ ಬಂದ ಟೈರುಗಳು, ಐದು ವರ್ಷ ಆಗಿವೆ. ರಸ್ತೆಗೆ ತಾಗುವ ರಬ್ಬರ್ ಉಬ್ಬುಗಳು ಇನ್ನೂ ಚೆನ್ನಾಗಿದ್ದವು, ಆದರೆ ಅವುಗಳ ನಡುವೆ ಸಣ್ಣ ಸಣ್ಣ ಬಿರುಕು. ಬೆಳ್ಳಿ ಕಾರಿನದು 2320, ಎರಡು ವರ್ಷದವು. ಅದರ ಸ್ಟೆಪ್ನಿ ಮಾತ್ರ 2015ರದ್ದೇ. ಅದನ್ನೂ ಬರೆದುಕೊಂಡೆ.

ನಿಜವಾಗಿ ಲೆಕ್ಕ ತಿರುಗಿದ್ದು ಟೈಮಿಂಗ್ ಬೆಲ್ಟ್ ವಿಷಯದಲ್ಲಿ. ಪಿಸ್ಟನ್ ಓಡಾಟಕ್ಕೆ ಸರಿಯಾಗಿ ವಾಲ್ವ್‌ಗಳು ತೆರೆದು ಮುಚ್ಚುವಂತೆ ನೋಡಿಕೊಳ್ಳುವುದು ಇದೇ. ಈ ಎಂಜಿನ್‌ನಲ್ಲಿ ಇರುವುದು ಚೈನ್ ಅಲ್ಲ, ಬೆಲ್ಟ್. ಕೈಪಿಡಿಯಲ್ಲಿ ಬದಲಾಯಿಸಲು ಹೇಳಿದ್ದು 90,000 ಕಿಲೋಮೀಟರ್ ಅಥವಾ 5 ವರ್ಷ, ಯಾವುದು ಮೊದಲೋ ಅದು. ಆ 'ಅಥವಾ'ವನ್ನು ಜನ ಓದುವುದೇ ಇಲ್ಲ. ಬೆಲ್ಟ್ ಓಡುವಾಗ ತುಂಡಾದರೆ ವಾಲ್ವ್‌ಗಳು ನಿಂತಲ್ಲೇ ನಿಲ್ಲುತ್ತವೆ, ಪಿಸ್ಟನ್ ಬಂದು ಅವಕ್ಕೆ ಬಡಿಯುತ್ತೆ. ಇಂಥ ಎಂಜಿನ್‌ಗಳಲ್ಲಿ ಆಮೇಲೆ ಎಂಜಿನ್ ಬಿಚ್ಚದೆ ದಾರಿ ಇಲ್ಲ. ಬೆಳ್ಳಿ ಕಾರಿನ ಬೆಲ್ಟ್ 2021ರಲ್ಲಿ, 79,000 ಕಿಲೋಮೀಟರ್‌ಗೆ ಬದಲಾಗಿತ್ತು. ಬರೀ ಬೆಲ್ಟ್ ಅಲ್ಲ, ಅದನ್ನು ಬಿಗಿಯಾಗಿಡುವ ಟೆನ್ಷನರ್ ಮತ್ತು ವಾಟರ್ ಪಂಪ್ ಕೂಡ ಅದೇ ಬಿಲ್ಲಿನಲ್ಲಿ ಇದ್ದವು. ಹೇಗೂ ಅಷ್ಟು ಬಿಚ್ಚಿದ ಮೇಲೆ ಮೂರನ್ನೂ ಒಟ್ಟಿಗೆ ಹಾಕುವುದೇ ಸರಿಯಾದ ಕೆಲಸ. ಹಾಗೆ ಮಾಡಿಸಿದವರು ಕಾರನ್ನು ಪ್ರೀತಿಯಿಂದ ಇಟ್ಟುಕೊಂಡವರು ಅಂತ ನನಗೆ ಅಲ್ಲೇ ಅನಿಸಿತು. ಬಿಳಿ ಕಾರಿನಲ್ಲಿ ಕಂಪನಿಯ ಬೆಲ್ಟೇ ಇತ್ತು, ಅದಕ್ಕೆ ಐದು ವರ್ಷ ತುಂಬುತ್ತಾ ಬಂದಿತ್ತು. ಅಂದರೆ 'ಹೊಸ' ಕಾರಿಗೆ ಬೆಲ್ಟ್ ಖರ್ಚು ಈಗಲೇ ಬರುತ್ತೆ, 'ಹಳೆ' ಕಾರಿಗೆ ಇನ್ನೂ ನಾಲ್ಕು ವರ್ಷ ಇಲ್ಲ.

ಬಿಳಿ ಕಾರಿನ ಮಾಲೀಕರ ಹತ್ತಿರ ಎರಡೇ ಬಿಲ್ಲು. ಕೊನೆಯದಕ್ಕೆ ಹದಿನೈದು ತಿಂಗಳಾಗಿತ್ತು. "ಗಾಡಿ ಓಡೇ ಇಲ್ಲ, ಸರ್ವಿಸ್ ಯಾಕೆ ಅಂತ ಬಿಟ್ಟೆ" ಅಂದರು. ಸುಳ್ಳು ಹೇಳುವ ಮನುಷ್ಯರಲ್ಲ. ದಿನಕ್ಕೆ ಹಲವು ಸಲ ಎರಡು ಮೂರು ಕಿಲೋಮೀಟರ್ ಹೋಗಿ ಬರುತ್ತಿದ್ದರಂತೆ. ಆದರೆ ಎಂಜಿನ್‌ಗೆ ಕಷ್ಟದ ಓಟ ಇದೇ. ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಆಫ್ ಆಗುತ್ತೆ. ಪೆಟ್ರೋಲ್ ಸ್ವಲ್ಪ ಸ್ವಲ್ಪ ಆಯಿಲ್‌ಗೆ ಇಳಿಯುತ್ತೆ, ಒಳಗೆ ಕಟ್ಟಿದ ತೇವ ಆವಿಯಾಗಿ ಹೋಗುವುದಿಲ್ಲ. ಸೈಲೆನ್ಸರ್ ಒಳಗಿನಿಂದ ತುಕ್ಕು ಹಿಡಿಯುವುದೂ ಹೀಗೇ. ಬ್ರೇಕ್ ಪೆಡಲ್ ಮೇಲಿನ ರಬ್ಬರ್ ನೋಡಿದೆ. 38,000ಕ್ಕೇ ಬಲಬದಿಯ ಗೆರೆಗಳು ಸವೆದು ನುಣುಪಾಗಿದ್ದವು. ಮೊದಲು ಮೀಟರ್ ಮೇಲೆ ಅನುಮಾನ ಬಂತು. ಆಮೇಲೆ ಲೆಕ್ಕ ಹಾಕಿದೆ. ಊರೊಳಗೆ ಒಂದು ಕಿಲೋಮೀಟರ್‌ಗೆ ಹತ್ತು ಸಲ ಬ್ರೇಕ್ ಒತ್ತುತ್ತೇವೆ, ಹೆದ್ದಾರಿಯಲ್ಲಿ ಹತ್ತು ಕಿಲೋಮೀಟರ್‌ಗೆ ಒಂದು ಸಲ. ಬೆಳ್ಳಿ ಕಾರು ಓಡಿದ್ದು ಬಹುಪಾಲು ಹೆದ್ದಾರಿಯಲ್ಲೇ. ಅದರ ಪೆಡಲ್ ಬಿಳಿಯದಕ್ಕಿಂತ ಚೆನ್ನಾಗಿತ್ತು! ಕಿಲೋಮೀಟರ್ ಎಷ್ಟು ಅನ್ನುವುದಕ್ಕಿಂತ ಎಂಥ ಕಿಲೋಮೀಟರ್ ಅನ್ನುವುದು ನನಗೆ ಅರ್ಥವಾಗಿದ್ದು ಆ ಪೆಡಲ್ ನೋಡಿ.

ಬಣ್ಣದ ದಪ್ಪ ಅಳೆಯುವ ಸಣ್ಣ ಯಂತ್ರವೊಂದನ್ನು ಗೆಳೆಯನಿಂದ ಎರವಲು ತಂದಿದ್ದೆ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 80ರಿಂದ 180 ಮೈಕ್ರಾನ್ ಒಳಗೆ ಇರುತ್ತೆ. ಈ ವಿಷಯದಲ್ಲಿ ಗೆದ್ದಿದ್ದು ಬಿಳಿ ಕಾರೇ. ಸುತ್ತಲೂ ಒಂದೇ ಥರ, ಎಲ್ಲೂ 130 ದಾಟಲಿಲ್ಲ. ಬೆಳ್ಳಿಯದರ ಎಡಗಡೆ ಹಿಂದಿನ ಬಾಗಿಲು 260 ತೋರಿಸಿತು. ನಾನು ಕೇಳುವ ಮೊದಲೇ ಮಾಲೀಕರು "ಗೇಟಿಗೆ ಉಜ್ಜಿತ್ತು, ಬಣ್ಣ ಹೊಡೆಸಿದ್ದೀನಿ" ಅಂದರು. ಬಾಗಿಲಿನ ಬೋಲ್ಟ್ ಮೇಲೆ ಪಾನಾ ಹಾಕಿದ ಗುರುತು ಇರಲಿಲ್ಲ, ಸಂದುಗಳೂ ಎರಡೂ ಕಡೆ ಒಂದೇ ಅಳತೆ. ಸರಿ, ಬರೀ ಬಣ್ಣದ ಕೆಲಸ. ಎರಡರ ಸೀಟ್ ಬೆಲ್ಟ್‌ಗಳನ್ನೂ ಕೊನೆಯವರೆಗೆ ಎಳೆದು ನೋಡಿದೆ, ನೀರು ನಿಂತ ಕಲೆ, ಕೆಸರು ಇರಲಿಲ್ಲ.

ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಬೇಕು ಅಂತ ಇಬ್ಬರಿಗೂ ಹಿಂದಿನ ದಿನವೇ ಹೇಳಿದ್ದೆ, ಬಿಸಿಯಾಗಿದ್ದರೆ ಸ್ಟಾರ್ಟಿಂಗ್ ತೊಂದರೆ ಗೊತ್ತಾಗದೇ ಹೋಗಬಹುದು. ಬಿಳಿ ಕಾರಿನ ಹತ್ತಿರ ಹೋದಾಗ ಬಾನೆಟ್ ಮುಟ್ಟಿದರೆ ಬಿಸಿ. "ತೊಳೆಸಿಕೊಂಡು ಬಂದೆ" ಅಂದರು. ಇರಬಹುದು. ಕಾರಿನ ಕಂಪ್ಯೂಟರ್‌ನಲ್ಲಿರುವುದನ್ನು ಓದುವ ಸ್ಕ್ಯಾನರ್ ಹಾಕಿದೆ. ದೋಷದ ಕೋಡ್ ಒಂದೂ ಇಲ್ಲ, ಆದರೆ ಮೂರು ಪರೀಕ್ಷೆಗಳು 'ಮುಗಿದಿಲ್ಲ' ಅಂತ ತೋರಿಸಿದವು. ಕಾರಿನ ಕಂಪ್ಯೂಟರ್ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತಾ ಇರುತ್ತೆ. ಯಾರಾದರೂ ಕೋಡ್ ಅಳಿಸಿದರೆ ಈ ಪರೀಕ್ಷೆಗಳು ಮತ್ತೆ ಮೊದಲಿನಿಂದ ಶುರುವಾಗುತ್ತವೆ. ಬ್ಯಾಟರಿ ಬಿಚ್ಚಿದರೂ ಹಾಗೇ ಆಗಬಹುದು. ಬ್ಯಾಟರಿ ಹೊಸದಾಗಿ ಹಾಕಿಸಿದ್ದೀನಿ ಅಂದರು, ಹೌದು, ಅದು ಹೊಸದೇ. ಹಾಗಾಗಿ ಇದನ್ನು ತಪ್ಪು ಅಂತ ಹಿಡಿಯಲಿಲ್ಲ. 'ಗೊತ್ತಿಲ್ಲ' ಪುಟಕ್ಕೆ ಹೋಯಿತು. ಬಿಸಿ ಬಾನೆಟ್ ಕೂಡ ಅಲ್ಲಿಗೇ. ಹದಿನೈದು ತಿಂಗಳ ಆಯಿಲ್ ಅಲ್ಲಿಗೇ. ಬ್ರೇಕ್ ಆಯಿಲ್, ಕೂಲೆಂಟ್ ಯಾವಾಗ ಬದಲಾಗಿದ್ದು ಅನ್ನುವುದೂ ಅಲ್ಲಿಗೇ. ಓಡಿಸಿದಾಗ ಕ್ಲಚ್ ತುಂಬಾ ಮೇಲೆ ಹಿಡಿಯುತ್ತಿತ್ತು, ಸವೆದಿರಬಹುದು ಅನಿಸಿತು. ಮೂರನೇ ಗೇರಿನಲ್ಲಿ ನಿಧಾನಕ್ಕೆ ಹೋಗುತ್ತಾ ಒಮ್ಮೆಲೇ ಆಕ್ಸಿಲರೇಟರ್ ಒತ್ತಿ ನೋಡಿದೆ. ಜಾರಲಿಲ್ಲ. ಇನ್ನೆಷ್ಟು ದಿನ ಬಾಳುತ್ತೆ? ಅದೂ 'ಗೊತ್ತಿಲ್ಲ'.

ಬೆಳ್ಳಿ ಕಾರು ಬೆಳಗ್ಗೆ ತಣ್ಣಗಿತ್ತು. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು, ಹೊಗೆ ಇಲ್ಲ. ಸಣ್ಣ ಉಬ್ಬು ಹತ್ತಿಳಿದಾಗ ಮುಂದಿನ ಎಡಗಡೆಯಿಂದ ಟಕ್ ಟಕ್ ಅನ್ನುತ್ತಿತ್ತು. ಮೆಕ್ಯಾನಿಕ್ ಕಾರನ್ನು ಮೇಲೆತ್ತಿ ಕೈಯಿಂದ ಅಲುಗಾಡಿಸಿ ತೋರಿಸಿದರು, ಸ್ಟೆಬಿಲೈಜರ್ ಲಿಂಕ್. ಅಗ್ಗದ ಸಾಮಾನು.

ಆದರೂ ಹೆಂಡತಿಗೆ ಒಂದು ಚಿಂತೆ ಇತ್ತು, ಅದು ನ್ಯಾಯವಾದ ಚಿಂತೆ. "ಹೊಸ ಮಾಡೆಲ್‌ನಲ್ಲಿ ಸುರಕ್ಷತೆ ಜಾಸ್ತಿ ಇರಲ್ವಾ?" ಎಷ್ಟೋ ಸಲ ಅದು ನಿಜ. ಅದೊಂದೇ ಕಾರಣಕ್ಕೆ ಹೊಸದನ್ನು ತಗೊಂಡರೂ ತಪ್ಪಿಲ್ಲ. ನಮ್ಮ ವಿಷಯದಲ್ಲಿ ಮಾತ್ರ ಉಲ್ಟಾ ಆಗಿತ್ತು. ಬೆಳ್ಳಿಯದು ಆ ವರ್ಷದ ಟಾಪ್ ವೇರಿಯಂಟ್. ಆರು ಏರ್‌ಬ್ಯಾಗ್, ಜೊತೆಗೆ ತಿರುವಿನಲ್ಲಿ ಕಾರು ಜಾರಿದರೆ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಿ ಹಿಡಿಯುವ ಸ್ಟೆಬಿಲಿಟಿ ಕಂಟ್ರೋಲ್. ಬಿಳಿಯದು ಕೆಳಗಿನ ವೇರಿಯಂಟ್, ಎರಡು ಏರ್‌ಬ್ಯಾಗ್ ಮತ್ತು ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಅಷ್ಟೆ. ಟಚ್‌ಸ್ಕ್ರೀನನ್ನು ಆಮೇಲೂ ಹಾಕಿಸಬಹುದು, ಏರ್‌ಬ್ಯಾಗ್ ಹಾಕಿಸಲು ಆಗುತ್ತಾ? ಕೀ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಹತ್ತಿ, ಕೆಲವು ಸೆಕೆಂಡಿಗೆ ಆರುವುದನ್ನು ಅವಳಿಗೆ ತೋರಿಸಿದೆ. ಅದು ಹತ್ತದೇ ಇದ್ದರೂ ಅನುಮಾನ ಪಡಬೇಕು, ಆರದೇ ಇದ್ದರೂ ಪಡಬೇಕು.

ಅವತ್ತು ರಾತ್ರಿ ನೋಟ್‌ಬುಕ್ ಬಿಚ್ಚಿ ಕೂತೆವು. ಬೆಳ್ಳಿ ಕಾರಿನ ಖರ್ಚಿನ ಪುಟ ಉದ್ದವಾಗಿಯೇ ಇತ್ತು. ಸ್ಟೆಪ್ನಿ, ಲಿಂಕ್, ಹಿಂದಿನ ಶಾಕ್ ಅಬ್ಸಾರ್ಬರ್, ಹಳದಿಯಾದ ಹೆಡ್‌ಲೈಟ್. ಆದರೆ ಅದರ 'ಗೊತ್ತಿಲ್ಲ' ಪುಟದಲ್ಲಿ ಒಂದೇ ಸಾಲು, ಎಸಿ. ಬಿಳಿಯದರಲ್ಲಿ ಏಳು ಸಾಲು. ಅವಳೇ ಎಣಿಸಿದಳು. ಮಾರನೇ ದಿನ ಬಿಳಿ ಕಾರಿನವರಿಗೆ ಬೆಲ್ಟ್, ಟೈರ್ ಖರ್ಚು ತೋರಿಸಿ ಬೆಲೆ ಇಳಿಸಿ ಅಂತ ಕೇಳಿದೆ. "2018ರ ಗಾಡಿ ಇದು" ಅಂದರು, ಇಳಿಸಲಿಲ್ಲ. ಇಳಿಸಿದ್ದರೆ ಏನು ಮಾಡುತ್ತಿದ್ದೆವೋ, ಖಂಡಿತವಾಗಿ ಹೇಳಲಾರೆ. ಬೆಳ್ಳಿಯವರು ಸ್ಟೆಪ್ನಿ ಮತ್ತು ಲಿಂಕ್ ಖರ್ಚು ಬಿಟ್ಟುಕೊಟ್ಟರು. ಬಿಲ್ಲುಗಳ ಫೈಲನ್ನು ನನ್ನ ಕೈಗೆ ಕೊಡುವಾಗ, ಬೆಲ್ಟ್ ಬಿಲ್ಲಿನ ಮೇಲೆ ಬೆರಳಿಟ್ಟು "ಇದನ್ನ ಮಾತ್ರ ಕಳೀಬೇಡಿ" ಅಂದರು.

ಈಗ ಮೂರು ವರ್ಷವಾಯಿತು, 1,24,000 ಕಿಲೋಮೀಟರ್. ಬರೆದುಕೊಂಡಿದ್ದೆಲ್ಲ ಹೆಚ್ಚುಕಡಿಮೆ ಬರೆದ ಹಾಗೇ ಬಂತು. ಎರಡನೇ ವರ್ಷ ಎಸಿ ಕಂಡೆನ್ಸರ್ ಸೋರಿತು. ಉಳಿಸಿದ್ದ ದುಡ್ಡಿನ ಮೂರನೇ ಒಂದು ಭಾಗ ಅದೇ ತಿಂದಿತು. ಅದರ 'ಗೊತ್ತಿಲ್ಲ' ಪುಟದಲ್ಲಿದ್ದ ಒಂದೇ ಸಾಲು ಅದು. ಹೆಡ್‌ಲೈಟ್‌ಗೆ ಎರಡು ಸಲ ಪಾಲಿಶ್ ಹಾಕಿಸಿದರೂ ಒಂದು ವರ್ಷಕ್ಕೆ ಮತ್ತೆ ಮಸುಕಾಗುತ್ತಿತ್ತು. ಹೋದ ತಿಂಗಳು ಎರಡನ್ನೂ ಹೊಸದು ಹಾಕಿಸಿದೆ. ಅದನ್ನು ಮೊದಲ ವರ್ಷವೇ ಮಾಡಿಸಬೇಕಿತ್ತು. ಮಳೆಯ ರಾತ್ರಿಯಲ್ಲಿ ರಸ್ತೆ ಬದಿಯ ಬಿಳಿ ಗೆರೆ ಈಗ ದೂರದವರೆಗೂ ಕಾಣುತ್ತೆ.